ರೊಕ್ಕ ಕೊಟ್ಟ ವಿಮಾನಕ್ಕೆ ಬೀಗ

ಕಲಬುರಗಿ ವಿಮಾನ ನಿಲ್ದಾಣದಿಂದ ಶಹಾಪುರ ಹೆಚ್ಚುಕಡಿಮೆ ನೇರ ದಕ್ಷಿಣಕ್ಕಿದೆ. ಆಕಾಶದ ಹಾದಿಯಲ್ಲಿ ಸುಮಾರು 70 ಕಿ.ಮೀ. ಸೆಸ್ನಾ 172ರಂಥ ಪುಟ್ಟ ವಿಮಾನಕ್ಕೆ ಇಪ್ಪತ್ತು ಇಪ್ಪತ್ತೈದು ನಿಮಿಷದ ಕೆಲಸ. ಜೇವರ್ಗಿ ಸೀಮೆಯಲ್ಲಿ ಭೀಮೆಯನ್ನು ದಾಟಿ, ತೊಗರಿ ಹತ್ತಿ ಹೊಲಗಳ ಮೇಲೆ ಹಾಯ್ದು ಬಂದರೆ ಎದುರಿಗೆ ನಮ್ಮೂರ ಬೆಟ್ಟ. ರಸ್ತೆಯಲ್ಲಿ ನಿಂತವರಿಗೆ ಬುದ್ಧ ಮಲಗಿದ ಹಾಗೆ ಕಾಣುವ ಆ ಬೆಟ್ಟ ಮೇಲಿನಿಂದ ನೋಡಿದರೆ ಬರೀ ಬಂಡೆಗಳ ರಾಶಿ. ಬುದ್ಧನನ್ನು ಕಾಣಬೇಕಾದರೆ ಕೆಳಗಿಳಿದು ಮಗ್ಗುಲಿಗೆ ಬರಬೇಕು.

ಈ ಪ್ರಯಾಣವನ್ನು ನಾನು ಮಾಡಿದ್ದು ಅಣ್ಣನ ಮಗನ ಕಂಪ್ಯೂಟರಿನ ಮುಂದೆ ಕೂತು. ಅವನು ಇಂಜಿನಿಯರಿಂಗ್ ಓದುವ ಹುಡುಗ. ಸೂಟಿಗೆ ಬಂದಾಗಲೆಲ್ಲ ವಿಮಾನ ಹಾರಿಸುವ ಸಿಮ್ಯುಲೇಟರ್ ಆಟವೇ ಅವನ ಊಟ ನಿದ್ದೆ. ಒಂದು ಸಂಜೆ ಕರೆದು ತೋರಿಸಿದ: ಆಟದ ಜೊತೆ ಪುಕ್ಕಟೆ ಬಂದ ಸಣ್ಣ ವಿಮಾನದ ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ತೂಕ, ರೆಕ್ಕೆಯ ಅಗಲ, ಇಂಧನದ ಟಾಂಕಿ, ಎಲ್ಲವೂ ಸಾಲುಸಾಲಾಗಿ ಓದಲು ಬರುತ್ತದೆ. ಅಂಕಿ ಬದಲಿಸಿ, ಉಳಿಸಿ, ಹಾರಿಸಿದರೆ ವಿಮಾನದ ನಡತೆಯೇ ಬೇರೆಯಾಗುತ್ತದೆ. ಆಮೇಲೆ, ತಿಂಗಳುಗಟ್ಟಲೆ ರೊಕ್ಕ ಕೂಡಿಸಿ ಕೊಂಡಿದ್ದ ಇನ್ನೊಂದು ದೊಡ್ಡ ವಿಮಾನದ ಕಡತ ತೆರೆದ. ಪರದೆ ತುಂಬ ಚೌಕ, ಪ್ರಶ್ನೆಚಿಹ್ನೆ, ಅರ್ಥವಿಲ್ಲದ ಗುರುತುಗಳು.

"ಪುಕ್ಕಟೆ ಬಂದಿದ್ದು ತೆರಿತದ, ರೊಕ್ಕ ಕೊಟ್ಟಿದ್ದು ತೆರಿವಲ್ದು. ಇದ್ಯಾವ ನ್ಯಾಯ ಕಾಕಾ?"

ಆಟದ ಹೆಸರು, ವಿಮಾನದ ಹೆಸರು ಇಲ್ಲಿ ಬೇಡ. ಅವನ ಪ್ರಶ್ನೆ ಒಂದೇ ಕಂಪನಿಯದಲ್ಲ. ಕೊಂಡುಕೊಂಡ ವಸ್ತುವಿನ ಒಳಗನ್ನು ನೋಡುವ, ತನಗೆ ಬೇಕಾದ ಹಾಗೆ ತಿದ್ದಿಕೊಳ್ಳುವ ಅಧಿಕಾರ ಕೊಂಡವನಿಗೆ ಎಷ್ಟಿದೆ, ಮಾರಿದವನು ಎಲ್ಲಿಯವರೆಗೆ ಬೀಗ ಹಾಕಬಹುದು ಎಂಬ ಪ್ರಶ್ನೆ ಅದು. ಆಟದ ಭಾಷೆಯಲ್ಲಿ ಈ ತಿದ್ದುವಿಕೆಗೆ 'ಮಾಡ್' ಎನ್ನುತ್ತಾರೆ. ಬೀಗಕ್ಕೆ ಗೂಢಲಿಪೀಕರಣ ಎಂಬ ಭಾರೀ ಹೆಸರಿದೆ. ಹುಡುಗರು 'ಲಾಕ್ ಅದ' ಅಂದುಬಿಡುತ್ತಾರೆ.

ಪರದೆ ತುಂಬಿದ ಆ ಕಸವನ್ನು ನಾನು ಹಿಂದೆಯೂ ನೋಡಿದ್ದೆ. ತೊಂಬತ್ತರ ದಶಕದ ಕೊನೆಗೆ ಶಹಾಪುರದಲ್ಲಿ ಸಣ್ಣದೊಂದು ಡಿಟಿಪಿ ಅಂಗಡಿ ಇಟ್ಟಿದ್ದೆ. ಕನ್ನಡ ಅಕ್ಷರ ಮೂಡಿಸುವ ತಂತ್ರಾಂಶವೊಂದನ್ನು ಸಾಲ ಮಾಡಿ ತಂದಿದ್ದೆ. ಕಂಪ್ಯೂಟರಿನ ಬೆನ್ನಿಗೆ, ಪ್ರಿಂಟರ್ ಸಿಕ್ಕಿಸುವ ಜಾಗದಲ್ಲಿ, ಬೆಂಕಿಪೊಟ್ಟಣದಷ್ಟು ದೊಡ್ಡ 'ಡಾಂಗಲ್' ಚುಚ್ಚಿದರೆ ಮಾತ್ರ ಅದು ಕೆಲಸ ಮಾಡುತ್ತಿತ್ತು. ಮದುವೆ ಹಂಗಾಮಿನ ನಡುವೆ ಒಂದು ದಿನ ಡಾಂಗಲ್ ಸತ್ತುಹೋಯಿತು. ಬಿಲ್ಲು ನನ್ನ ಹತ್ತಿರವೇ ಇತ್ತು, ರೊಕ್ಕ ಪೂರ್ತಿ ತೀರಿತ್ತು. ಆದರೂ ಹೊಸ ಡಾಂಗಲ್ ಬರುವ ತನಕ ಹನ್ನೊಂದು ದಿನ ಲಗ್ನಪತ್ರಿಕೆಗಳನ್ನು ಯಾದಗಿರಿಗೆ ಹೋಗಿ ಬೇರೆಯವರ ಅಂಗಡಿಯಲ್ಲಿ ಮಾಡಿಸಿದೆ. ಕದ್ದ ಪ್ರತಿ ಇಟ್ಟುಕೊಂಡಿದ್ದ ಪಕ್ಕದ ಬೀದಿಯವನ ಕೆಲಸ ಒಂದು ತಾಸೂ ನಿಂತಿರಲಿಲ್ಲ. ಇದನ್ನು ಹೊಟ್ಟೆಕಿಚ್ಚಿನಿಂದ ಹೇಳುತ್ತಿದ್ದೇನೆ ಎಂದರೆ ಒಪ್ಪಿಕೊಳ್ಳುತ್ತೇನೆ.

ಆ ಕಾಲದ ಇನ್ನೊಂದು ಗೋಳು ಯಾವ ಬೀಗವೂ ಇಲ್ಲದೆ ಬಂದದ್ದು. ಒಂದೊಂದು ಕನ್ನಡ ತಂತ್ರಾಂಶಕ್ಕೆ ಒಂದೊಂದು ಸಂಕೇತಪಟ್ಟಿ. ಒಂದರಲ್ಲಿ ಬೆರಳಚ್ಚಿಸಿದ ಪುಟ ಇನ್ನೊಂದರಲ್ಲಿ ಕಸ. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ಎರಡೂ ಉಚಿತವಾಗಿ ಸಿಕ್ಕವು. ನನ್ನಂಥ ಸಣ್ಣ ಅಂಗಡಿಯವರು ಡಾಂಗಲ್ಲನ್ನು ಕಿತ್ತು ಮೂಲೆಗಿಟ್ಟರು. ಬೀಗ ಮುರಿಯುವ ಕೆಲಸವೇ ಬೀಳಲಿಲ್ಲ. ಯುನಿಕೋಡ್ ಬಂದ ಮೇಲೆ ಸಂಕೇತಗಳ ಗೋಜಲೂ ತಕ್ಕಮಟ್ಟಿಗೆ ಬಗೆಹರಿಯಿತು. ಇದಕ್ಕೂ ವಿಮಾನಕ್ಕೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಕತೆ ಅದೇ, ಪಾತ್ರಗಳು ಬೇರೆ.

ಸಿಮ್ಯುಲೇಟರಿನ ಒಂದು ವಿಮಾನ ಅಂದರೆ ಒಂದು ಫೋಲ್ಡರು. ಅದರೊಳಗೆ ವಿಮಾನದ ಮೂರು ಆಯಾಮದ ಆಕಾರ, ಮೈಮೇಲಿನ ಬಣ್ಣದ ಚಿತ್ರಗಳು, ಸದ್ದುಗಳು, ಕಾಕ್‌ಪಿಟ್ಟಿನ ಪರದೆಗಳನ್ನು ನಡೆಸುವ ಸಂಕೇತ, ಜೊತೆಗೆ ಕೆಲವು ಅಂಕಿಗಳ ಕಡತ. ಈ ಅಂಕಿಗಳೇ ವಿಮಾನದ ಸ್ವಭಾವ. ರೆಕ್ಕೆ ಎಷ್ಟು ಎತ್ತುತ್ತದೆ, ಗಾಳಿ ಎಷ್ಟು ಹಿಂದಕ್ಕೆ ಎಳೆಯುತ್ತದೆ, ಇಂಜಿನು ಎಷ್ಟು ಕುಡಿಯುತ್ತದೆ, ಮೂಗು ಎಷ್ಟು ಬೇಗ ಏಳುತ್ತದೆ ಎಂಬುದೆಲ್ಲ ಅಲ್ಲಿದೆ. ಆಕಾರ ನೋಡಿ ಮರುಳಾಗುವವರು ಬೇರೆ; ಹಾರಿಸಿ ಕಲಿಯುವವರಿಗೆ ಬೇಕಾದದ್ದು ಈ ಅಂಕಿಗಳು.

ಬ್ರೂಸ್ ಆರ್ಟ್‌ವಿಕ್ ಎಂಬಾತ 1980ರಲ್ಲಿ ಆಪಲ್ 2 ಕಂಪ್ಯೂಟರಿಗೆ ಮೊದಲ ಸಿಮ್ಯುಲೇಟರ್ ಮಾರಿದಾಗ ನೆಲ ಅಂದರೆ ನಾಲ್ಕು ಗೆರೆ, ಬೆಟ್ಟ ಅಂದರೆ ಇನ್ನೆರಡು ಗೆರೆ. 1982ರಲ್ಲಿ ಅದು ಮೈಕ್ರೋಸಾಫ್ಟ್ ಹೆಸರಿನಲ್ಲಿ ಬಂತು. ಮುಂದಿನ ದಶಕಗಳಲ್ಲಿ ಬಂದ ಆವೃತ್ತಿಗಳಲ್ಲಿ ಅಂಕಿಗಳ ಕಡತ ಬಹುಪಾಲು ಸಾದಾ ಪಠ್ಯವಾಗಿಯೇ ಇತ್ತು. 2006ರ ಫ್ಲೈಟ್ ಸಿಮ್ಯುಲೇಟರ್ ಎಕ್ಸ್ ಬಂದ ಮೂರು ವರ್ಷದೊಳಗೇ, 2009ರ ಜನವರಿಯಲ್ಲಿ, ಅದನ್ನು ಕಟ್ಟಿದ ಏಸಸ್ ಸ್ಟುಡಿಯೋವನ್ನು ಮೈಕ್ರೋಸಾಫ್ಟ್ ಮುಚ್ಚಿಬಿಟ್ಟಿತು. ತಂಡ ಹೋದರೂ ಆಟ ಸಾಯಲಿಲ್ಲ. ಆಟಗಾರರು ತಾವೇ ವಿಮಾನ ಮಾಡಿದರು, ನಿಲ್ದಾಣ ಕಟ್ಟಿದರು, ದೋಷ ತಿದ್ದಿದರು. 2014ರಲ್ಲಿ ಡವ್‌ಟೇಲ್ ಗೇಮ್ಸ್ ಅದನ್ನು ಮತ್ತೆ ಮಾರಾಟಕ್ಕೆ ತಂದಾಗ ಕೊಳ್ಳುವ ಜನ ಇನ್ನೂ ಇದ್ದರು. ಮನೆ ಕಟ್ಟಿದವ ಊರು ಬಿಟ್ಟ ಮೇಲೂ ಬಾಗಿಲು ತೆರೆದಿದ್ದುದರಿಂದ ಮನೆ ಉಳಿಯಿತು.

2020ರ ಆಗಸ್ಟ್ 18ರಂದು ಹೊಸ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಬಂತು. ಕಟ್ಟಿದ್ದು ಫ್ರಾನ್ಸಿನ ಬೋರ್ಡೋ ಊರಿನ ಅಸೋಬೊ ಸ್ಟುಡಿಯೋ. ಉಪಗ್ರಹ ಚಿತ್ರಗಳಿಂದ ಇಡೀ ಭೂಮಿಯನ್ನೇ ಹೊಲಿದು ಕೊಟ್ಟಿದ್ದರಿಂದ ಶಹಾಪುರವೂ ಅದರಲ್ಲಿ ಸಿಕ್ಕಿತು. ಆಟವನ್ನು ಮೂರು ಬೆಲೆಗಳಲ್ಲಿ ಮಾರಿದರು. ಅಮೆರಿಕದಲ್ಲಿ ಸಾದಾ ಆವೃತ್ತಿ 59.99 ಡಾಲರ್, 20 ವಿಮಾನ. ಪ್ರೀಮಿಯಂ ಡಿಲಕ್ಸ್ 119.99 ಡಾಲರ್, 30 ವಿಮಾನ. ಬೋಯಿಂಗ್ 787-10, ಸೆಸ್ನಾ ಸಿಟೇಶನ್ ಲಾಂಗಿಟ್ಯೂಡ್, ಸಿರಸ್ ಎಸ್‌ಆರ್22 ಮುಂತಾದವು ದುಬಾರಿ ಆವೃತ್ತಿಗೆ ಮೀಸಲಾದವು. ಸಾದಾ ಆವೃತ್ತಿಯ ವಿಮಾನಗಳ ಅಂಕಿಗಳು ತೆರೆದಿದ್ದವು, ದುಬಾರಿಯವು ಬೀಗದೊಳಗೆ. ಮಾರುವವರ ಲೆಕ್ಕ ಸರಳ. ತೆರೆದಿಟ್ಟರೆ ಒಬ್ಬ ಕೊಂಡು ನೂರು ಮಂದಿಗೆ ಹಂಚುತ್ತಾನೆ, 120 ಡಾಲರಿನ ಆವೃತ್ತಿಯನ್ನು ಆಮೇಲೆ ಯಾರು ಕೊಳ್ಳುತ್ತಾರೆ?

ಪರಿಣಾಮ ಮಾತ್ರ ವಿಚಿತ್ರವಾಯಿತು. ಸಾದಾ ಆವೃತ್ತಿಯ ಏರ್‌ಬಸ್ ಎ320 ನಿಯೋವನ್ನು ಹವ್ಯಾಸಿಗಳ ಗುಂಪೊಂದು ಕೈಗೆತ್ತಿಕೊಂಡು ಫ್ಲೈಬೈವೈರ್ ಎಂಬ ಹೆಸರಿನಲ್ಲಿ ತಿದ್ದತೊಡಗಿತು. ಮೂಲಸಂಕೇತವನ್ನು ಮುಕ್ತ ಪರವಾನಗಿಯಡಿ ಎಲ್ಲರಿಗೂ ಬಿಟ್ಟಿತು. ಪುಕ್ಕಟೆಯ ಆ ಎ320 ಕೆಲವೇ ತಿಂಗಳಲ್ಲಿ ಮೂಲಕ್ಕಿಂತ ಎಷ್ಟೋ ಮೇಲಾಯಿತು. ಸಾದಾ ಆವೃತ್ತಿಯಲ್ಲೇ ಇದ್ದ ಬೋಯಿಂಗ್ 747-8ನ್ನು ಸಾಲ್ಟಿ ಸಿಮ್ಯುಲೇಶನ್ಸ್ ಎಂಬ ಇನ್ನೊಂದು ಗುಂಪು ತಿದ್ದಿತು. ಹೆಚ್ಚು ಬೆಲೆ ತೆತ್ತವರ 787 ಮಾತ್ರ ಹಿಂದೆ ಉಳಿಯಿತು. ಅದರ ಹಾರಾಟದ ಅಂಕಿಗಳಿಗೆ ಬೀಗ ಇತ್ತು. ಆದರೆ ಕಾಕ್‌ಪಿಟ್ಟಿನ ಪರದೆಗಳು ಜಾಲಪುಟಗಳ ಹಾಗೆ ಜಾವಾಸ್ಕ್ರಿಪ್ಟಿನಲ್ಲಿ ಬರೆದವು, ಅವುಗಳಿಗೆ ಬೀಗ ಇರಲಿಲ್ಲ. ಹೆವಿ ಡಿವಿಷನ್ ಎಂಬ ಗುಂಪು ಅಷ್ಟನ್ನೇ ಹಿಡಿದು 787ರ ಪರದೆಗಳನ್ನು ಸುಧಾರಿಸಿತು. ಬೀಗ ಮುರಿಯಲಿಲ್ಲ, ತೆರೆದ ಕಿಟಕಿಯಲ್ಲಿ ಕೈ ಹಾಕಿದರು.

ಇಡೀ ಪ್ರಶ್ನೆಯ ಗಂಟು ಈ 787ರಲ್ಲಿದೆ ಎಂದು ನನಗನ್ನಿಸುತ್ತದೆ. ಕಳ್ಳ ಕದಿಯುವುದು ಆಕಾರವನ್ನು, ಸದ್ದನ್ನು, ಇಡೀ ಫೋಲ್ಡರನ್ನು. ಬರಿಯ ಅಂಕಿಗಳ ಕಡತ ಕದ್ದು ಅವನಿಗೆ ಪ್ರಯೋಜನವಿಲ್ಲ. ಆಕಾರವಿಲ್ಲದ ವಿಮಾನವನ್ನು ಯಾರೂ ಹಾರಿಸುವುದಿಲ್ಲ. ಅಂಕಿಗಳ ಕಡತ ಬೇಕಾದದ್ದು ರೊಕ್ಕ ಕೊಟ್ಟು ಕೊಂಡು, ಅದರ ಓಲಾಟ ತಿದ್ದಬೇಕೆಂದು ಕೂತವನಿಗೆ. ಅವನು ಮುಟ್ಟಬೇಕಾದದ್ದಕ್ಕೇ ಬೀಗ ಬಿದ್ದಿತ್ತು.

ಮೈಕ್ರೋಸಾಫ್ಟ್ ಇದನ್ನು ಅರಿಯದೆ ಇರಲಿಲ್ಲ. ಸಿಟೇಶನ್ ಸಿಜೆ4 ಮತ್ತು ಗಾರ್ಮಿನ್ ಪರದೆಗಳನ್ನು ಪುಕ್ಕಟೆಯಾಗಿ ತಿದ್ದುತ್ತಿದ್ದ ವರ್ಕಿಂಗ್ ಟೈಟಲ್ ಎಂಬ ಹವ್ಯಾಸಿ ತಂಡವನ್ನು 2021ರಲ್ಲಿ ತನ್ನ ಜೊತೆ ಸೇರಿಸಿಕೊಂಡಿತು. 2023ರಲ್ಲಿ ಆ ತಂಡವೇ 787 ಮತ್ತು 747ರ ಪರದೆಗಳನ್ನು ಹೊಸದಾಗಿ ಬರೆದುಕೊಟ್ಟಿತು. ಆಟಗಾರರಿಗೆ ಅದು ಉಚಿತ ಪರಿಷ್ಕರಣೆಯಾಗಿ ಬಂತು. ಹೊರಗೆ ನಿಂತು ತಿದ್ದುತ್ತಿದ್ದವರನ್ನು ಒಳಗೆ ಕರೆದು ಕೆಲಸ ಕೊಟ್ಟದ್ದು ಒಳ್ಳೆಯದೇ. ಆದರೆ ಯಾವ ವಿಮಾನ ಯಾವಾಗ ಸರಿಹೋಗಬೇಕು ಎಂಬುದನ್ನು ಗೊತ್ತುಮಾಡುವವರು ಬದಲಾದರು. ಶಹಾಪುರದ ಹುಡುಗ ಕಾಯುವವರ ಸಾಲಿಗೆ ಸೇರಿದ.

ಬಣ್ಣದ ವಿಷಯ ಇನ್ನೂ ಸ್ವಾರಸ್ಯ. ವಿಮಾನದ ಮೈಮೇಲಿನ ಬಣ್ಣಕ್ಕೆ 'ಲಿವರಿ' ಎನ್ನುತ್ತಾರೆ. ಮೂಲ ವಿಮಾನ ಬೀಗದೊಳಗಿದ್ದರೂ, 'ಮೂಲವನ್ನು ಅಲ್ಲಿಂದ ತಗೋ, ಬಣ್ಣವನ್ನು ಮಾತ್ರ ಇಲ್ಲಿಂದ ತಗೋ' ಎಂದು ಹೇಳುವ ಪುಟ್ಟ ಕಡತವೊಂದನ್ನು 'ಕಮ್ಯುನಿಟಿ' ಎಂಬ ಫೋಲ್ಡರಿನಲ್ಲಿಟ್ಟರೆ ಸಿಮ್ಯುಲೇಟರು ಒಪ್ಪುತ್ತದೆ. ಹಾಗಾಗಿ ಬಣ್ಣ ಹಚ್ಚುವವರ ಲೋಕ ಬೆಳೆಯಿತು. ಕಲಬುರಗಿ ನಿಲ್ದಾಣ 2019ರ ನವೆಂಬರ್ 22ರಂದು ಶುರುವಾದಾಗ ಬೆಂಗಳೂರಿಗೆ ಹಾರಿದ್ದು ಸ್ಟಾರ್ ಏರ್. ಆಮೇಲೆ ಅಲಯನ್ಸ್ ಏರ್‌ನ ಎಟಿಆರ್ ವಿಮಾನವೂ ಬಂತು. ನಮ್ಮ ಹುಡುಗರಿಗೆ ಬೇಕಾದದ್ದು ಅವೇ ಬಣ್ಣ. 2023ರಲ್ಲಿ ಸಿಮ್ಯುಲೇಟರಿಗೆ ಎಟಿಆರ್ 72-600 ಬಂತು, ಅದು ಆಟದೊಳಗಿನ ಅಂಗಡಿಯಲ್ಲಿ ಮಾರುವ ವಿಮಾನ. ಅಂಥ ವಿಮಾನಗಳಿಗೆ ಬಣ್ಣ ಹಚ್ಚಬೇಕಾದರೆ ಮೂಲ ಚಿತ್ರದ ಅಳತೆ ಬೇಕು, ಅದೂ ಬೀಗದೊಳಗೆ ಇದ್ದರೆ ಮಾಡಿದವನೇ ಮನಸ್ಸು ಮಾಡಿ ಮಾದರಿ ಹಾಳೆ ಕೊಡಬೇಕು. ಕೆಲವರು ಕೊಡುತ್ತಾರೆ, ಕೆಲವರು ಕೊಡುವುದಿಲ್ಲ. 2021ರ ಜುಲೈಯಲ್ಲಿ ಎಕ್ಸ್‌ಬಾಕ್ಸ್‌ಗೆ ಬಂದ ಇದೇ ಆಟದಲ್ಲಿ ಕಮ್ಯುನಿಟಿ ಫೋಲ್ಡರೇ ಇಲ್ಲ. ಅಲ್ಲಿ ಅಂಗಡಿಯೊಂದೇ ಬಾಗಿಲು.

2024ರ ನವೆಂಬರ್ 19ಕ್ಕೆ ಬಂದ ಮುಂದಿನ ಆವೃತ್ತಿಯಲ್ಲಿ ವಿಷಯ ಇನ್ನಷ್ಟು ದೂರ ಸರಿಯಿತು. ಬಹಳಷ್ಟು ವಿಮಾನಗಳು ಕಂಪ್ಯೂಟರಿಗೆ ಇಳಿಯುವುದೇ ಇಲ್ಲ. ಹಾರಿಸುವಾಗ ಜಾಲದಿಂದ ಹರಿದುಬರುತ್ತವೆ. ಬೀಗ ಹಾಕಿದ ಪೆಟ್ಟಿಗೆಯಾದರೂ ಮನೆಯಲ್ಲಿ ಇರುತ್ತಿತ್ತು, ಈಗ ಪೆಟ್ಟಿಗೆಯೇ ಪರರ ಮನೆಯಲ್ಲಿ. ವಿದ್ಯುತ್ತು ಜಾಲ ಎರಡೂ ಕೈಕೊಡುವ ನಮ್ಮ ಕಡೆಯ ಸಂಜೆಗಳಲ್ಲಿ ಇದರ ಅರ್ಥ ಬೇಗ ಗೊತ್ತಾಗುತ್ತದೆ.

ಇನ್ನೊಂದು ಓಣಿಯಲ್ಲಿ ಬೇರೆ ಪದ್ಧತಿ ಇದೆ. ಅಮೆರಿಕದ ಆಸ್ಟಿನ್ ಮೆಯರ್ 1995ರಲ್ಲಿ ಶುರುಮಾಡಿದ ಎಕ್ಸ್-ಪ್ಲೇನ್ ಎಂಬ ಸಿಮ್ಯುಲೇಟರ್ ತನ್ನ ಜೊತೆಗೇ ವಿಮಾನ ಕಟ್ಟುವ ಸಲಕರಣೆಯನ್ನೂ ಕೊಡುತ್ತದೆ. ಅದರ ಜೊತೆ ಬಂದ ಬೋಯಿಂಗ್ 737-800ನ್ನು ಝಿಬೊ ಎಂಬ ಅಡ್ಡಹೆಸರಿನವರು ತಿದ್ದುತ್ತ ಹೋಗಿ, ರೊಕ್ಕದ ವಿಮಾನಗಳ ಪಕ್ಕ ನಿಲ್ಲುವಷ್ಟು ಎತ್ತರಕ್ಕೆ ತಂದಿದ್ದಾರೆ, ಪುಕ್ಕಟೆಯಾಗಿ. ಫ್ಲೈಟ್‌ಗೇರ್ ಎಂಬುದು ತೊಂಬತ್ತರ ದಶಕದಿಂದ ಸ್ವಯಂಸೇವಕರೇ ಕಟ್ಟುತ್ತಿರುವ ಮುಕ್ತ ತಂತ್ರಾಂಶ. ಅಲ್ಲಿ ಬೀಗ ಎಂಬ ಮಾತೇ ಇಲ್ಲ. ನೋಟದಲ್ಲಿ ಅದು ಬಡವಿ. ಉಪಗ್ರಹ ಚಿತ್ರದ ಶಹಾಪುರ ನೋಡಿ ಬಂದವರಿಗೆ ಅಲ್ಲಿನ ಹಸಿರು ಕಂದು ಬಯಲು ಬೇಸರ ತರಿಸುತ್ತದೆ.

ಮಾರುವವರ ಮಾತನ್ನೂ ಕೇಳಬೇಕು. ನಾನೇ ಅಂಗಡಿ ಇಟ್ಟವನು. ಒಂದು ದೊಡ್ಡ ವಿಮಾನವನ್ನು ಸಿಮ್ಯುಲೇಟರಿಗೆ ಕಟ್ಟಲು ವರ್ಷಗಳೇ ಬೇಕು. ಕಟ್ಟುವ ತಂಡಗಳು ಸಣ್ಣವು, ಕೊಳ್ಳುವ ಮಂದಿಯೂ ಸಿನಿಮಾ ನೋಡುವವರಷ್ಟು ಇಲ್ಲ. ಪಿಎಂಡಿಜಿ ಕಂಪನಿ 2022ರಲ್ಲಿ 737-700 ತಂದಾಗ ಬೆಲೆ 69.99 ಡಾಲರ್, ಮೂಲ ಆಟಕ್ಕಿಂತ ಹೆಚ್ಚು. ಅಂಥ ವಿಮಾನ ಬಿಡುಗಡೆಯಾದ ವಾರದಲ್ಲೇ ಕದ್ದ ಪ್ರತಿಗಳು ಹಂಚಿಹೋದರೆ ಕಟ್ಟಿದವರ ಹೊಟ್ಟೆಗೆ ಏಟು. ಇನ್ನೊಂದು ವಾದವೂ ಇದೆ: ನಿಜವಾದ ವಿಮಾನದ ಹಾರಾಟದ ದತ್ತಾಂಶ ವಿಮಾನ ಕಂಪನಿಗಳ ಗುಟ್ಟು. ಬೆಂಗಳೂರಿನಲ್ಲಿ ಎಚ್‌ಎಎಲ್ ಮತ್ತು ಕೆನಡಾದ ಸಿಎಇ ಸೇರಿ ನಡೆಸುವ ಹೆಲಿಕಾಪ್ಟರ್ ತರಬೇತಿ ಕೇಂದ್ರದಂಥ ಕಡೆ ಬಳಸುವ ಸಿಮ್ಯುಲೇಟರುಗಳ ಜೀವವೇ ಅಂಥ ದತ್ತಾಂಶ. ಆದರೆ ಆಟದ ಅಂಕಿಗಳು ಆ ದರ್ಜೆಯವಲ್ಲ. ಅವು ಪ್ರಕಟಿತ ಕೈಪಿಡಿ ನೋಡಿ, ಊಹಿಸಿ, ಹಾರಿಸಿ ಸರಿದೂಗಿಸಿದವು. ಗುಟ್ಟಿನ ವಾದ ಇಲ್ಲಿ ಹೆಚ್ಚು ಭಾರ ತಾಳುವುದಿಲ್ಲ.

ಕಳ್ಳರ ಮೇಲಿನ ಸಿಟ್ಟು ಎಲ್ಲಿಗೆ ಒಯ್ಯಬಹುದು ಎಂಬುದಕ್ಕೆ 2018ರ ಫೆಬ್ರವರಿಯ ಒಂದು ಪ್ರಕರಣ ಸಾಕು. ಫ್ಲೈಟ್ ಸಿಮ್ ಲ್ಯಾಬ್ಸ್ ಎಂಬ ಕಂಪನಿ ತನ್ನ ಎ320 ವಿಮಾನವನ್ನು ಅನುಸ್ಥಾಪಿಸುವ ಕಡತದೊಳಗೆ, ಕ್ರೋಮ್ ಬ್ರೌಸರಿನಲ್ಲಿ ಉಳಿಸಿಟ್ಟ ಗುಪ್ತಪದಗಳನ್ನು ತೆಗೆಯುವ ಸಣ್ಣ ಪ್ರೋಗ್ರಾಮೊಂದನ್ನು ಸೇರಿಸಿತ್ತು. ಕದ್ದ ಕ್ರಮಸಂಖ್ಯೆ ಹಾಕಿದವರ ಮೇಲೆ ಮಾತ್ರ ಅದು ಓಡುವಂತಿತ್ತು ಎಂದು ಕಂಪನಿ ಒಪ್ಪಿಕೊಂಡು, ಆ ಕಡತವನ್ನು ಹಿಂದಕ್ಕೆ ಪಡೆಯಿತು. ಆದರೆ ಅದು ಪ್ರಾಮಾಣಿಕವಾಗಿ ಕೊಂಡ ಪ್ರತಿಯೊಬ್ಬರ ಕಂಪ್ಯೂಟರಿಗೂ ಇಳಿದಿತ್ತು. ಬೀಗ ಹಾಕುವವನ ಕೈಗೆ ನಮ್ಮ ಮನೆಯ ಕೀಲಿಯೂ ಬೇಕಾಗುತ್ತದೆ ಎಂದಾಗ ಎಚ್ಚರವಾಗದಿದ್ದರೆ ಹೇಗೆ?

ಕಾನೂನು ಏನು ಹೇಳುತ್ತದೆ? ನಾನು ವಕೀಲನಲ್ಲ. ಶಾಸನದ ಪಠ್ಯ ಓದಿ ನನಗೆ ತಿಳಿದಷ್ಟು ಹೇಳುತ್ತೇನೆ.

ಅಮೆರಿಕದಲ್ಲಿ ಎರಡು ತೀರ್ಪುಗಳನ್ನು ಒಟ್ಟಿಗೆ ಓದಬೇಕು. 1992ರಲ್ಲಿ ನಿಂಟೆಂಡೊ ಕಂಪನಿ ಗೇಮ್ ಜೀನಿ ಎಂಬ ಸಾಧನದ ವಿರುದ್ಧ ಸೋತಿತು. ಆಟ ನಡೆಯುವಾಗ ಒಂದೆರಡು ಅಂಕಿಗಳನ್ನು ಬದಲಿಸಿ ಆಟಗಾರನಿಗೆ ಹೆಚ್ಚು 'ಜೀವ' ಕೊಡುವ ಸಾಧನ ಅದು. 1998ರಲ್ಲಿ ಡ್ಯೂಕ್ ನ್ಯೂಕೆಮ್ ಆಟದ ಅಭಿಮಾನಿಗಳು ಕಟ್ಟಿದ 300 ಹಂತಗಳನ್ನು ಸಿ.ಡಿ.ಗೆ ತುಂಬಿ ಮಾರಿದ ಮೈಕ್ರೋ ಸ್ಟಾರ್ ಕಂಪನಿ ಸೋತಿತು. ತಾನು ಆಡುವುದಕ್ಕೆ ತಿದ್ದಿಕೊಳ್ಳುವುದಕ್ಕೂ, ತಿದ್ದಿದ್ದನ್ನು ಕಟ್ಟಿ ಮಾರುವುದಕ್ಕೂ ಇರುವ ದೂರ ಈ ಎರಡು ತೀರ್ಪುಗಳ ನಡುವೆ ಇದೆ. ಅದೇ 1998ರಲ್ಲಿ ಅಮೆರಿಕ ತಂದ ಡಿಜಿಟಲ್ ಕೃತಿಸ್ವಾಮ್ಯ ಕಾಯಿದೆ ಈ ದೂರವನ್ನು ಅಳಿಸಿತು. ಬೀಗ ಮುರಿದದ್ದೇ ತಪ್ಪು, ಯಾತಕ್ಕೆ ಮುರಿದೆ ಎಂದು ಕೇಳುವುದಿಲ್ಲ ಎಂಬ ಧಾಟಿ. ವಿನಾಯಿತಿ ಬೇಕಾದವರು ಮೂರು ವರ್ಷಕ್ಕೊಮ್ಮೆ ಅರ್ಜಿ ಹಾಕಬೇಕು. ತಮ್ಮ ಟ್ರ್ಯಾಕ್ಟರಿನ ತಂತ್ರಾಂಶವನ್ನು ರಿಪೇರಿಗಾಗಿ ತೆರೆಯಲು ಅಲ್ಲಿಯ ರೈತರಿಗೆ ವಿನಾಯಿತಿ ಸಿಕ್ಕಿದ್ದು 2015ರಲ್ಲಿ.

ಯುರೋಪಿನ ನ್ಯಾಯಾಲಯ ಬೇರೆ ದಿಕ್ಕಿಗೆ ನಡೆದಿದೆ. ಸಕ್ರಮವಾಗಿ ಕೊಂಡವನು ದೋಷ ತಿದ್ದುವುದಕ್ಕಾಗಿ ತಂತ್ರಾಂಶವನ್ನು ಬಿಚ್ಚಬಹುದು ಎಂದು 2021ರ ಅಕ್ಟೋಬರಿನಲ್ಲಿ ಟಾಪ್ ಸಿಸ್ಟಮ್ ಮೊಕದ್ದಮೆಯಲ್ಲಿ ಹೇಳಿತು. 2024ರ ಅಕ್ಟೋಬರಿನಲ್ಲಿ ಸೋನಿ ಹೂಡಿದ್ದ ಮೊಕದ್ದಮೆಯಲ್ಲಿ, ಆಟ ಓಡುವಾಗ ಯಂತ್ರದ ನೆನಪಿನಲ್ಲಿರುವ ಅಂಕಿಗಳನ್ನಷ್ಟೇ ಬದಲಿಸಿ ಮೂಲಸಂಕೇತವನ್ನು ಮುಟ್ಟದಿದ್ದರೆ ತಂತ್ರಾಂಶದ ಕೃತಿಸ್ವಾಮ್ಯಕ್ಕೆ ಧಕ್ಕೆಯಿಲ್ಲ ಎಂದಿತು.

ನಮ್ಮ ದೇಶದ ಕಾಯಿದೆ ಅನೇಕರು ಅಂದುಕೊಂಡದ್ದಕ್ಕಿಂತ ಉದಾರ. 1957ರ ಕೃತಿಸ್ವಾಮ್ಯ ಕಾಯಿದೆಯ 52ನೇ ಕಲಮು, ಸಕ್ರಮವಾಗಿ ಪಡೆದ ತಂತ್ರಾಂಶದ ಪ್ರತಿಯಿಂದ ಸ್ವಂತದ, ವ್ಯಾಪಾರವಲ್ಲದ ಬಳಕೆಗೆ ಪ್ರತಿ ಮಾಡುವುದನ್ನು, ಅಳವಡಿಸಿಕೊಳ್ಳುವುದನ್ನು ಉಲ್ಲಂಘನೆ ಎಂದು ಎಣಿಸುವುದಿಲ್ಲ. ಅದು ಹೇಗೆ ಕೆಲಸ ಮಾಡುತ್ತದೆಂದು ನೋಡಿ, ಪರೀಕ್ಷಿಸಿ ತಿಳಿಯುವುದಕ್ಕೂ ಅಲ್ಲಿ ಎಡೆ ಇದೆ. 2012ರ ತಿದ್ದುಪಡಿಯಲ್ಲಿ ಬಂದ 65ಎ ಕಲಮು ಬೀಗ ಮುರಿಯುವವರಿಗೆ ಎರಡು ವರ್ಷದವರೆಗೆ ಸೆರೆ ಮತ್ತು ದಂಡ ವಿಧಿಸುತ್ತದೆ. ಆದರೆ ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಮುರಿದಿರಬೇಕು ಎಂಬ ಮಾತನ್ನೂ ಸೇರಿಸಿದೆ. ಅಮೆರಿಕದವರು ಬಿಟ್ಟ ಉದ್ದೇಶದ ಪ್ರಶ್ನೆಯನ್ನು ನಾವು ಉಳಿಸಿಕೊಂಡಿದ್ದೇವೆ. ನಾನು ಅದನ್ನು ಓದುವ ಪ್ರಕಾರ, ಅಣ್ಣನ ಮಗ ತಾನು ಕೊಂಡ ವಿಮಾನದ ತೂಕ ತಿದ್ದಿ ತಾನೇ ಹಾರಿಸಿದರೆ ಒಂದು ಮಾತು, ಬೀಗ ತೆಗೆದ ವಿಮಾನವನ್ನು ಗೆಳೆಯರಿಗೆ ಹಂಚಿದರೆ ಇನ್ನೊಂದು ಮಾತು. ಎರಡನೆಯದು ಕಳ್ಳತನ, ಅದಕ್ಕೆ ಯಾವ ಅಡ್ಡಹೆಸರೂ ಬೇಡ. ಇದೇ ಕಲಮಿನಲ್ಲಿ ಒಂದು ತಮಾಷೆಯ ಷರತ್ತೂ ಇದೆ. ಮತ್ತೊಬ್ಬನಿಗೆ ಬೀಗ ತೆಗೆಯಲು ನೆರವಾಗುವವನು ಆತನ ಹೆಸರು, ವಿಳಾಸ, ಉದ್ದೇಶ ಎಲ್ಲವನ್ನೂ ಬರೆದಿಟ್ಟುಕೊಳ್ಳಬೇಕಂತೆ. ನಮ್ಮ ಬಸ್ ಸ್ಟ್ಯಾಂಡಿನ ಮೊಬೈಲ್ ಅಂಗಡಿಯವರು ಅಂಥ ವಹಿ ಇಟ್ಟದ್ದನ್ನು ನಾನು ಕಂಡಿಲ್ಲ.

ಶಾಸನ ಒಂದು ಕಡೆ, ಕರಾರು ಇನ್ನೊಂದು ಕಡೆ. ಆಟ ಶುರುವಾಗುವಾಗ ನಾವು ಓದದೆ ಒತ್ತುವ 'ಒಪ್ಪಿಗೆ' ಗುಂಡಿಯ ಹಿಂದಿನ ಪುಟಗಳಲ್ಲಿ ಬಿಚ್ಚಬಾರದು, ತಿದ್ದಬಾರದು ಎಂದು ಬರೆದಿರುತ್ತದೆ. ಅದನ್ನು ಮೀರಿದರೆ ಜೈಲಾಗದಿದ್ದರೂ ಖಾತೆ ಮುಚ್ಚಿಹೋಗಬಹುದು. ಖಾತೆ ಮುಚ್ಚಿದರೆ ಕೊಂಡದ್ದೆಲ್ಲ ಹೋಯಿತು.

ಇದೆಲ್ಲ ದೊಡ್ಡ ಕಂಪ್ಯೂಟರ್ ಇರುವ ನಾಲ್ಕು ಮನೆಗಳ ಮಾತಾಯಿತು ಎನ್ನುವವರು ಬಸ್ಸಿನ ಕಡೆ ನೋಡಬೇಕು. ಇಂಡೋನೇಷ್ಯಾದ ಮಲೆಯೊ ಎಂಬ ಸಂಸ್ಥೆ 2017ರಲ್ಲಿ ಮೊಬೈಲಿಗೆ ತಂದ ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ ಎಂಬ ಆಟವನ್ನು ಶಹಾಪುರ, ಸುರಪುರ, ಯಾದಗಿರಿಯ ಹುಡುಗರು ಅಗ್ಗದ ಫೋನುಗಳಲ್ಲಿ ಆಡುತ್ತಾರೆ. ಆ ಆಟ ಮೊದಲಿನಿಂದಲೂ 'ನಿನ್ನ ಬಸ್ಸಿಗೆ ನೀನೇ ಬಣ್ಣ ಹಚ್ಚು' ಎಂದು ಕರೆಯಿತು. ಮುಂದೆ ಹೊಸ ವಾಹನದ ಆಕಾರವನ್ನೇ ಸೇರಿಸುವ ದಾರಿಯನ್ನೂ ಕೊಟ್ಟಿತು. ಅಷ್ಟು ಸಾಕಾಯಿತು. ಜಾವಾ ದ್ವೀಪದ ರಸ್ತೆಯ ಮೇಲೆ ನಮ್ಮ ಸಾರಿಗೆ ಸಂಸ್ಥೆಗಳ ಕೆಂಪು ಬಸ್ಸು, ಐರಾವತ, ಮುಂಗಾಜಿನ ಮೇಲೆ ಕನ್ನಡ ಬೋರ್ಡು. ಕೆಎಸ್‌ಆರ್‌ಟಿಸಿ ಎಂಬ ಹೆಸರು ಯಾರದು ಎಂದು ಕರ್ನಾಟಕ, ಕೇರಳ ವರ್ಷಗಟ್ಟಲೆ ಜಗಳವಾಡಿದ ಮೇಲೆ, 2023ರ ಡಿಸೆಂಬರಿನಲ್ಲಿ ಮದ್ರಾಸ್ ಹೈಕೋರ್ಟ್ ಕೇರಳದ ಅರ್ಜಿಯನ್ನು ವಜಾ ಮಾಡಿತು. ಆ ಜಗಳದ ಹೊತ್ತಿನಲ್ಲೂ ಹುಡುಗರು ಎರಡೂ ರಾಜ್ಯದ ಬಸ್ಸುಗಳಿಗೆ ಬಣ್ಣ ಹಚ್ಚುತ್ತಲೇ ಇದ್ದರು.

ಬೀಗದ ಬುದ್ಧಿ ಇಲ್ಲಿಯೂ ಬರದೆ ಇಲ್ಲ. ರಾತ್ರಿಗಟ್ಟಲೆ ಕೂತು ಬಸ್ಸು ಕಟ್ಟಿದ ಹುಡುಗನ ಮಾಡನ್ನು ಇನ್ನೊಬ್ಬ ಹೆಸರು ಅಳಿಸಿ ತನ್ನದೆಂದು ಹಂಚುತ್ತಾನೆ. ಕಟ್ಟಿದವ ಸಿಟ್ಟಾಗುತ್ತಾನೆ, ಮುಂದಿನ ಬಸ್ಸಿಗೆ ತಾನೂ ಬೀಗ ಹುಡುಕುತ್ತಾನೆ. ನಿನ್ನೆ ಬೀಗವನ್ನು ಬೈಯುತ್ತಿದ್ದವನೇ ಇಂದು ಬೀಗ ಕೇಳುತ್ತಾನೆ. ಇದನ್ನು ಕಪಟ ಎನ್ನಲಾರೆ. ತನ್ನ ಹೆಸರು ಉಳಿಯಲಿ ಎಂಬ ಆಸೆ ಬೇರೆ, ತನ್ನ ಕೆಲಸವನ್ನು ಯಾರೂ ಮುಟ್ಟಬಾರದು ಎಂಬ ಹಟ ಬೇರೆ. ಅವನಿಗೆ ಬೇಕಾದದ್ದು ಮೊದಲನೆಯದು. ಅದಕ್ಕೆ ಬೀಗಕ್ಕಿಂತ ಒಂದು ಸಾಲಿನ ಕೃತಜ್ಞತೆ ಹೆಚ್ಚು ಉಪಯೋಗಿ.

ನಮ್ಮ ಸೀಮೆಯವರಿಗೆ ಬೀಗ ಹಾಕಿದ ಸರಕು ಹೊಸದಲ್ಲ. 1998ರ ನವೆಂಬರಿನಲ್ಲಿ ಪಕ್ಕದ ರಾಯಚೂರು ಜಿಲ್ಲೆಯಲ್ಲಿ ಮೊನ್ಸಾಂಟೊ ಎಂಬ ಬೀಜ ಕಂಪನಿಯ ಪ್ರಯೋಗದ ಹತ್ತಿ ಹೊಲಕ್ಕೆ ರೈತ ಸಂಘದವರು ಬೆಂಕಿ ಇಟ್ಟಾಗ, ಮರುವರ್ಷ ಮೊಳೆಯದ 'ಟರ್ಮಿನೇಟರ್' ಬೀಜದ ಭಯ ಊರೂರಲ್ಲಿತ್ತು. ಆ ಹೊಲದಲ್ಲಿದ್ದದ್ದು ಅಂಥ ಬೀಜವಾಗಿರಲಿಲ್ಲ, ಭಯ ಮಾತ್ರ ನಿಜವಾಗಿತ್ತು. 2001ರ ತಳಿ ಸಂರಕ್ಷಣಾ ಕಾಯಿದೆ ರೈತನಿಗೆ ಬೀಜ ಉಳಿಸುವ, ಬಿತ್ತುವ, ಹಂಚುವ ಹಕ್ಕನ್ನು ಕೊಟ್ಟಿತು. ಕಂಪನಿಯ ಹೆಸರು ಹಚ್ಚಿ ಮಾರಬೇಡ ಎಂದಷ್ಟೇ ತಡೆಯಿತು. ಹೊಟ್ಟೆಯ ಬೀಜಕ್ಕೂ ಆಟದ ವಿಮಾನಕ್ಕೂ ಹೋಲಿಕೆ ಪೂರ್ತಿ ಕೂಡುವುದಿಲ್ಲ, ಬಲ್ಲೆ. ಆದರೆ ಕೊಂಡವನ ಕೈಗೆಷ್ಟು, ಮಾರಿದವನ ಹೆಸರಿಗೆಷ್ಟು ಎಂದು ಪಾಲು ಮಾಡಿದ ರೀತಿ ನೋಡಿ ಕಲಿಯುವಂಥದ್ದು.

ಕಲಿಕೆಯ ಮಾತನ್ನು ಕೊನೆಗೆ ಇಟ್ಟುಕೊಂಡಿದ್ದೆ. 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರ ಹೊಸ ಹಾರಾಟ ಶಾಲೆಗಳಿಗಾಗಿ ದೇಶದಲ್ಲಿ ಐದು ನಿಲ್ದಾಣ ಆರಿಸಿತು. ಕರ್ನಾಟಕದ ಬೆಳಗಾವಿ, ಕಲಬುರಗಿ ಎರಡೂ ಅದರಲ್ಲಿದ್ದವು. ಅಲ್ಲಿ ಪೈಲಟ್ ಆಗಲು ಬೇಕಾದ ಲಕ್ಷಗಳು ನಮ್ಮ ಮನೆಗಳಲ್ಲಿಲ್ಲ. ಮನೆಯ ಸಿಮ್ಯುಲೇಟರಿನಲ್ಲಿ ಎಷ್ಟು ತಾಸು ಹಾರಿಸಿದರೂ ಪೈಲಟ್ ಲೆಕ್ಕಪುಸ್ತಕಕ್ಕೆ ಒಂದು ನಿಮಿಷವೂ ಸೇರುವುದಿಲ್ಲ. ಆದರೂ ಅಣ್ಣನ ಮಗ ಗುರುತ್ವಕೇಂದ್ರ ಹಿಂದೆ ಸರಿದರೆ ವಿಮಾನ ಯಾಕೆ ಹಟಮಾರಿಯಾಗುತ್ತದೆ ಎಂಬುದನ್ನು ಕಾಲೇಜಿನ ಪುಸ್ತಕಕ್ಕಿಂತ ಮೊದಲು ಆ ಸಾದಾ ಕಡತದಲ್ಲಿ ಒಂದು ಅಂಕಿ ಬದಲಿಸಿ ಕಲಿತ. ಪೂರ್ತಿ ಬೀಗ ಹಾಕಿದ ವಿಮಾನದಲ್ಲಿ ಈ ಪಾಠ ಇಲ್ಲ.

ಮಾರುವವರು ಆಕಾರಕ್ಕೆ, ಸದ್ದಿಗೆ, ಚಿತ್ರಕ್ಕೆ ಬೀಗ ಹಾಕಲಿ. ಹಾರಾಟದ ಅಂಕಿಗಳನ್ನು ತೆರೆದಿಡಲಿ, ಬಣ್ಣದ ಮಾದರಿ ಹಾಳೆಯನ್ನು ಜೊತೆಗೇ ಕೊಡಲಿ. ಒಂದು ವಿಮಾನವನ್ನು ಇನ್ನು ಸುಧಾರಿಸುವುದಿಲ್ಲ ಎಂದು ಕೈಬಿಟ್ಟ ದಿನ ಕೊಂಡವರಿಗೆ ಕೀಲಿಯನ್ನೂ ಕೊಟ್ಟುಬಿಡಲಿ. ಹೀಗೆ ಮಾಡಿದರೆ ಅವರ ವ್ಯಾಪಾರ ಕೆಡುತ್ತದೆ ಎಂಬುದಕ್ಕೆ ಈವರೆಗಿನ ಚರಿತ್ರೆಯಲ್ಲಿ ಪುರಾವೆ ನನಗೆ ಕಾಣಲಿಲ್ಲ. ಎ320 ಮತ್ತು 787 ಉಲ್ಟಾ ಸಾಕ್ಷಿ ಹೇಳುತ್ತವೆ.

ಅಲ್ಲಿಯವರೆಗೆ ಕಾಯುವ ತಾಳ್ಮೆ ಇಲ್ಲದ ಹುಡುಗ ಹುಡುಗಿಯರಿಗೆ ಒಂದು ಮಾತು. ಬೀಗ ಮುರಿದ ವಿಮಾನ ಹುಡುಕಿಕೊಂಡು ಹೋಗಿ ಕಂಪ್ಯೂಟರಿಗೆ ರೋಗ ತಂದುಕೊಳ್ಳಬೇಡಿ. ಫ್ಲೈಟ್‌ಗೇರ್ ಪುಕ್ಕಟೆ ಇದೆ, ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ. ಅದರ ಜೊತೆ ಬರುವ ಸೆಸ್ನಾದ ಫೋಲ್ಡರಿನಲ್ಲಿ ಸಿ172ಪಿ ಎಂಬ ಎಕ್ಸ್‌ಎಂಎಲ್ ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ರೆಕ್ಕೆಯ ವಿಸ್ತೀರ್ಣ 174 ಚದರ ಅಡಿ ಎಂದು ಬರೆದಿರುತ್ತದೆ. ಒಂದು ಪ್ರತಿ ತೆಗೆದಿಟ್ಟುಕೊಂಡು, ಅದನ್ನು 120 ಮಾಡಿ, ಹಾರಿಸಿ ನೋಡಿ.